ಸರ್ಕಾರಿ ಕಚೇರಿ ರೂಟರ್‌ಗೆ ಹಾರ್ಡ್‌ವೇರ್ ಎನ್‌ಕ್ರಿಪ್ಶನ್: ಯಾವ ಪೆಟ್ಟಿಗೆ, ಎಲ್ಲಿ ಕೂರಿಸ್ಬೇಕು, ಕೀಲಿ ಯಾರ ಕೈಲಿ

ಒಂದು ಜಿಲ್ಲಾ ಕಚೇರೀಲಿ ನಾನು ಕಂಡಿದ್ದನ್ನ ಹೇಳಿ ಶುರು ಮಾಡ್ತೀನಿ. ಅಲ್ಲಿ ವಿಪಿಎನ್ ಟನಲ್ (ಎರಡು ಕಚೇರಿ ಮಧ್ಯೆ ಮಾಹಿತಿನ ಎನ್‌ಕ್ರಿಪ್ಟ್ ಮಾಡಿ, ಅಂದ್ರೆ ಬೇರೆಯವರಿಗೆ ಓದೋಕಾಗದ ಹಾಗೆ ಮುಚ್ಚಿ, ಕಳಿಸೋ ದಾರಿ) ಹಾಕಿ ಎಂಟು ತಿಂಗಳಾಗಿತ್ತು, ಮಾನಿಟರಿಂಗ್ ಸ್ಕ್ರೀನಲ್ಲಿ ದಿನಾ ಹಸಿರು ದೀಪ, ಎರಡೂ ಕಡೆ ರೂಟರಲ್ಲಿ ದುಬಾರಿ ಕ್ರಿಪ್ಟೊ ಕಾರ್ಡು. ಬೇರೆ ಯಾವುದೋ ಸ್ಲೋ ಕಂಪ್ಲೇಂಟಿಗೆ ಅಂತ ವ್ಯಾನ್ ಪೋರ್ಟ್ (ಹೊರಗಿನ ಲಿಂಕಿಗೆ ಹೋಗೋ ಪೋರ್ಟ್) ಮಿರರ್ ಮಾಡಿ, ಅಂದ್ರೆ ಅಲ್ಲಿ ಓಡಾಡೋದರ ನಕಲು ತೆಗೆದು, ಪ್ಯಾಕೆಟ್ ಕ್ಯಾಪ್ಚರ್ ತಗೊಂಡೆ, ನೋಡಿದ್ರೆ ಒಂದು ಸಬ್‌ನೆಟ್ಟಿನ ಟ್ರಾಫಿಕ್ ಅಷ್ಟೂ ಪೋಸ್ಟ್ ಕಾರ್ಡ್ ತರ ತೆರೆದೇ ಹೋಗ್ತಾ ಇದೆ, ಫೈಲ್ ಶೇರಲ್ಲಿರೋ ಫೋಲ್ಡರ್ ಹೆಸರುಗಳು ಒಂದೊಂದಾಗಿ ಓದೋಕೆ ಬರ್ತಿದ್ವು. ಆಗಿದ್ದು ಇಷ್ಟೇ, ನಾಲ್ಕು ತಿಂಗಳ ಹಿಂದೆ ಮೇಲಿನ ಮಹಡಿಗೆ ಹೊಸ ಸೆಕ್ಷನ್ ಬಂತು, ಅವರಿಗೊಂದು ಹೊಸ ವಿಲ್ಯಾನ್ (ಪ್ರತ್ಯೇಕ ಒಳ ನೆಟ್‌ವರ್ಕ್) ಕೊಟ್ರು, ರೂಟಿಂಗ್‌ಗೆ ಸೇರಿಸಿದ್ರು, ಆದ್ರೆ ಯಾವ್ಯಾವುದನ್ನ ಎನ್‌ಕ್ರಿಪ್ಟ್ ಮಾಡ್ಬೇಕು ಅಂತ ಇರೋ ಆಕ್ಸೆಸ್ ಲಿಸ್ಟಿಗೆ ಸೇರಿಸೋದನ್ನ ಬಿಟ್ರು. ಕಾರ್ಡ್ ಕೆಟ್ಟಿರ್ಲಿಲ್ಲ, ಅಲ್ಗಾರಿದಮ್ ಸೋತಿರ್ಲಿಲ್ಲ, ಟನಲ್ ಕೂಡ ನಿಜವಾಗ್ಲೂ ಅಪ್ ಇತ್ತು.

ಅವತ್ತಿಂದ ನನಗೆ ಒಂದು ಗಟ್ಟಿ ಅಭಿಪ್ರಾಯ ಕೂತುಬಿಟ್ಟಿದೆ. ಹಾರ್ಡ್‌ವೇರ್ ಎನ್‌ಕ್ರಿಪ್ಶನ್ ಅಂದ ತಕ್ಷಣ ಎಲ್ರೂ ಚಿಪ್ ಯಾವುದು, ಸ್ಪೀಡ್ ಎಷ್ಟು, ಎಷ್ಟು ಬಿಟ್ ಅಂತ ಕೇಳ್ತಾರೆ, ಆದ್ರೆ ಗುಟ್ಟು ಹೊರಗೆ ಹೋಗೋದು ಮೂರು ಬೇರೆ ಜಾಗದಿಂದ: ಯಾವ ಟ್ರಾಫಿಕ್ ಎನ್‌ಕ್ರಿಪ್ಟ್ ಮಾಡೋ ಪೆಟ್ಟಿಗೆ ಒಳಗೆ ಹೋಗ್ತಿದೆ, ಪೆಟ್ಟಿಗೆ ಕೈಕೊಟ್ರೆ ಟ್ರಾಫಿಕ್ ನಿಲ್ಲತ್ತಾ ಇಲ್ಲ ತೆರೆದೇ ಹರಿಯತ್ತಾ, ಆಮೇಲೆ ಬೀಗದ ಕೈ, ಅಂದ್ರೆ ಎನ್‌ಕ್ರಿಪ್ಶನ್ ಕೀಲಿ, ಯಾರ ಹತ್ರ ಇದೆ. ಕೆಸ್ವಾನ್ (ಕರ್ನಾಟಕ ಸರ್ಕಾರದ ರಾಜ್ಯವ್ಯಾಪಿ ನೆಟ್‌ವರ್ಕ್) ತರ ಬೆಂಗಳೂರಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಕವಲೊಡೆಯೋ ನೆಟ್‌ವರ್ಕಲ್ಲಿ ಕೆಲಸ ಮಾಡೋರು, ಇಲಾಖೆಗಳಿಗೆ ಟೆಂಡರ್ ಬರೆದುಕೊಡೋರು, ಸೈಟಿಗೆ ಹೋಗಿ ರೂಟರ್ ಕೂರಿಸೋರು, ಇವರೆಲ್ಲ ಕೈಲಿಟ್ಕೊಂಡು ಕೆಲಸ ಮಾಡೋಹಾಗೆ ಕ್ರಮವಾಗಿ ಬರೀತೀನಿ.

ಹೆಜ್ಜೆ 1: ಮಾಹಿತಿ ಯಾವ ದರ್ಜೆದು ಅಂತ ಮೊದ್ಲು ಲಿಖಿತವಾಗಿ ಕೇಳಿ

ಇದು ಎಂಜಿನಿಯರ್ ತೀರ್ಮಾನ ಮಾಡೋ ವಿಷಯ ಅಲ್ಲ, ಇಲಾಖೆ ಹೇಳ್ಬೇಕು. ಕೇಂದ್ರ ಗೃಹ ಸಚಿವಾಲಯದ ಎನ್‌ಐಎಸ್‌ಪಿಜಿ ಅನ್ನೋ ಮಾಹಿತಿ ಸುರಕ್ಷತಾ ಮಾರ್ಗಸೂಚಿ ಇದೆ, ಅದರಲ್ಲಿ ಗೆರೆ ಸ್ಪಷ್ಟ. ಟಾಪ್ ಸೀಕ್ರೆಟ್ ಮತ್ತು ಸೀಕ್ರೆಟ್ ದಾಖಲೆ ಇಂಟರ್ನೆಟ್ ಮೇಲೆ ಹೋಗೋ ಹಾಗೇ ಇಲ್ಲ, ಲೀಸ್ಡ್ ಲೈನ್ ಇರೋ ಮುಚ್ಚಿದ ನೆಟ್‌ವರ್ಕಲ್ಲಿ, ಅದೂ ಎಸ್‌ಎಜಿ ದರ್ಜೆಯ ಎನ್‌ಕ್ರಿಪ್ಶನ್ ಇದ್ರೆ ಮಾತ್ರ. ಎಸ್‌ಎಜಿ ಅಂದ್ರೆ ಡಿಆರ್‌ಡಿಒ ಕೆಳಗೆ ದೆಹಲೀಲಿರೋ ಸೈಂಟಿಫಿಕ್ ಅನಾಲಿಸಿಸ್ ಗ್ರೂಪ್, ನಮ್ಮ ದೇಶದ ಕ್ರಿಪ್ಟೊ ಉಪಕರಣಗಳನ್ನ ಪರೀಕ್ಷೆ ಮಾಡಿ ದರ್ಜೆ ಕೊಡೋರು. ಕಾನ್ಫಿಡೆನ್ಶಿಯಲ್ ಮತ್ತು ರಿಸ್ಟ್ರಿಕ್ಟೆಡ್ ಆದ್ರೆ ಮಾರುಕಟ್ಟೇಲಿ ಸಿಗೋ ಎಇಎಸ್ (ಎಲ್ಲ ಕಡೆ ಬಳಸೋ ಎನ್‌ಕ್ರಿಪ್ಶನ್ ಅಲ್ಗಾರಿದಮ್) 256 ಬಿಟ್ ಎನ್‌ಕ್ರಿಪ್ಶನ್ ಇರೋ ನೆಟ್‌ವರ್ಕಲ್ಲಿ ಕಳಿಸಬಹುದು.

ಅಂದ್ರೆ ಮೇಲಿನ ಎರಡು ದರ್ಜೆ ಇದ್ರೆ ಡೇಟಾಶೀಟ್ ಹೋಲಿಸ್ತಾ ಕೂರೋ ಅವಶ್ಯಕತೆನೇ ಇಲ್ಲ, ಯಾವ ಬ್ರ್ಯಾಂಡಿನ ರೂಟರ್ ಎಷ್ಟೇ ಚೆನ್ನಾಗಿದ್ರೂ ಅದು ಸಾಲಲ್ಲ, ಎಸ್‌ಎಜಿ ದರ್ಜೆ ಸಿಕ್ಕಿರೋ ಎನ್‌ಕ್ರಿಪ್ಟರ್ರೇ ಬೇಕು, ಅದನ್ನ ತರಿಸೋ ದಾರಿನೂ ಬೇರೆ. ಇಲ್ಲಿಂದ ಮುಂದೆ ನಾನು ಹೇಳೋದು ಹೆಚ್ಚಾಗಿ ಕೆಳಗಿನ ಎರಡು ದರ್ಜೆಗೆ. ಹಾಗಂತ ಅದು ಸಣ್ಣದು ಅಂದ್ಕೋಬೇಡಿ, ಖಜಾನೆ ಬಿಲ್ಲು, ಪಹಣಿ, ನೋಂದಣಿ ದಾಖಲೆ, ಪಿಂಚಣಿದಾರರ ಬ್ಯಾಂಕ್ ಖಾತೆ, ಪೊಲೀಸ್ ಠಾಣೆಯ ದೂರು ಎಲ್ಲ ಇಂಥ ಲಿಂಕಲ್ಲೇ ಓಡಾಡೋದು, ಜನರ ಬದುಕು ಇರೋದು ಅಲ್ಲೇ.

ಹೆಜ್ಜೆ 2: ಲೀಸ್ಡ್ ಲೈನ್ ಅಂದ್ರೆ ಎನ್‌ಕ್ರಿಪ್ಶನ್ ಅಲ್ಲ, ದಾರಿ ಪೂರ್ತಿ ಬರೆದು ನೋಡಿ

"ನಮ್ದು ಎಂಪಿಎಲ್‌ಎಸ್ ವಿಪಿಎನ್ ಸರ್, ಅದು ಪ್ರೈವೇಟು" ಅನ್ನೋ ಮಾತು ಎಷ್ಟು ಮೀಟಿಂಗಲ್ಲಿ ಕೇಳಿದೀನೋ ಲೆಕ್ಕ ಇಲ್ಲ. ಎಂಪಿಎಲ್‌ಎಸ್ ನಿಮ್ಮ ಪ್ಯಾಕೆಟ್ಟಿಗೆ ಒಂದು ಲೇಬಲ್ ಅಂಟಿಸಿ ಬೇರೆ ಗಿರಾಕಿಗಳ ಪ್ಯಾಕೆಟ್ಟಿಂದ ಬೇರ್ಪಡಿಸತ್ತೆ ಅಷ್ಟೇ, ಒಳಗಿನ ಒಂದಕ್ಷರಾನೂ ಮುಚ್ಚಲ್ಲ. ಬಸ್ಸಲ್ಲಿ ನಿಮಗೆ ಬೇರೆ ಸೀಟು ಕೊಟ್ಟಿದಾರೆ, ಪರದೆ ಕೊಟ್ಟಿಲ್ಲ.

ಅದಕ್ಕೇ ಒಂದು ದೊಡ್ಡ ಹಾಳೆ ತಗೊಂಡು ತಾಲೂಕು ಕಚೇರಿ ಸ್ವಿಚ್ಚಿಂದ ಡೇಟಾ ಸೆಂಟರ್ ಸರ್ವರ್ ತನಕ ಬರೋ ಪ್ರತಿ ಪೆಟ್ಟಿಗೆ ಬರೀರಿ, ಪ್ರತಿಯೊಂದರ ಪಕ್ಕ ಅದು ಇರೋ ಕೋಣೆ ಬೀಗ ಯಾರ ಹತ್ರ ಅಂತ ಬರೀರಿ. ಟೆಲಿಕಾಂ ಎಕ್ಸ್‌ಚೇಂಜು, ರಸ್ತೆ ಬದಿ ಕ್ಯಾಬಿನೆಟ್ಟು, ರೇಡಿಯೊ ಲಿಂಕ್ ಇದ್ರೆ ಅದರ ಟವರ್ರು, ಬ್ಯಾಕಪ್‌ಗೆ ಅಂತ ಹಾಕಿರೋ ಬ್ರಾಡ್‌ಬ್ಯಾಂಡು ಎಲ್ಲ ಬರ್ಬೇಕು. ಬ್ಯಾಕಪ್ ಲೈನ್ ವಿಶೇಷವಾಗಿ ನೋಡಿ, ಮುಖ್ಯ ಲಿಂಕಿಗೆ ಮಾತ್ರ ಎನ್‌ಕ್ರಿಪ್ಶನ್ ಇದ್ದು ಬ್ಯಾಕಪ್ ಖಾಲಿ ಬಿಟ್ಟಿರೋದು ತುಂಬಾ ಸಾಮಾನ್ಯ. ಈ ಚಿತ್ರ ಕೈಲಿದ್ರೆ ಮುಂದಿನ ಹೆಜ್ಜೆ ಅರ್ಧ ತೀರ್ಮಾನ ಆದ ಹಾಗೆ.

ಹೆಜ್ಜೆ 3: ಎನ್‌ಕ್ರಿಪ್ಶನ್ ಎಲ್ಲಿ ನಡೀಬೇಕು

ಹಾರ್ಡ್‌ವೇರ್ ಅನ್ನೋ ಒಂದೇ ಪದದೊಳಗೆ ನಾಲ್ಕು ಬೇರೆ ಬೇರೆ ಸರಕು ಮಾರ್ತಾರೆ, ಇಲ್ಲೇ ಜಾಸ್ತಿ ಗೊಂದಲ ಆಗೋದು.

ಮೊದಲನೇದು ಪ್ರೊಸೆಸರ್ ಒಳಗೇ ಇರೋ ಎಇಎಸ್ ಆದೇಶಗಳು. ಇಂಟೆಲ್ 2010ರ ಹೊತ್ತಿಗೆ ತನ್ನ ಚಿಪ್ಪಲ್ಲಿ ಎಇಎಸ್-ಎನ್‌ಐ ತಂತು, ಈಗ ಎಆರ್‌ಎಂ ಚಿಪ್ಪಲ್ಲೂ ಅಂಥದ್ದಿದೆ. ತಾಲೂಕು ಮಟ್ಟದ ಸಣ್ಣ ಲಿಂಕಿಗೆ ಇದು ಧಾರಾಳ ಸಾಕು, ಇದನ್ನ ಕೀಳಾಗಿ ನೋಡೋ ಅಗತ್ಯ ಇಲ್ಲ. ತೊಂದರೆ ಏನಂದ್ರೆ ಕೀಲಿ ರೂಟರಿನ ಸಾಮಾನ್ಯ ಮೆಮೊರೀಲೇ ಇರತ್ತೆ, ರೂಟರ್ ಸಾಫ್ಟ್‌ವೇರಿಗೆ ಯಾರಾದ್ರೂ ನುಗ್ಗಿದ್ರೆ ಕೀಲಿನೂ ಸಿಗತ್ತೆ.

ಎರಡನೇದು ರೂಟರ್ ಒಳಗೆ ಕೂರೋ ಪ್ರತ್ಯೇಕ ಕ್ರಿಪ್ಟೊ ಎಂಜಿನ್, ಮದರ್‌ಬೋರ್ಡ್ ಮೇಲಿರಬಹುದು ಇಲ್ಲ ಸ್ಲಾಟಿಗೆ ಹಾಕೋ ಕಾರ್ಡ್ ಆಗಿರಬಹುದು. ನೂರಾರು ಟನಲ್ ಬಂದು ಸೇರೋ ಕೇಂದ್ರದ ರೂಟರಿಗೆ ಇದು ಬೇಕೇ ಬೇಕು, ಯಾಕಂದ್ರೆ ಮುಖ್ಯ ಸಿಪಿಯು ರೂಟಿಂಗ್ ನೋಡ್ಕೊಳ್ಳೋವಾಗ ಲೆಕ್ಕದ ಭಾರ ಇದರ ಮೇಲೆ ಬೀಳತ್ತೆ. ಇದು ವೇಗ ಕೊಡತ್ತೆ, ಆದ್ರೆ ಕೀಲಿನ ಮಾಮೂಲಿಗಿಂತ ಚೆನ್ನಾಗಿ ಕಾಪಾಡತ್ತೆ ಅಂತ ತಾನಾಗೇ ಅಂದ್ಕೋಬೇಡಿ, ಅದನ್ನ ಬೇರೆಯಾಗಿ ಕೇಳ್ಬೇಕು.

ಮೂರನೇದು ಪೋರ್ಟಲ್ಲೇ ಆಗೋ ಮ್ಯಾಕ್‌ಸೆಕ್, ಐಇಇಇ 802.1ಎಇ. ಈಥರ್ನೆಟ್ ಫ್ರೇಮನ್ನೇ ಮುಚ್ಚತ್ತೆ, ಪ್ರತಿ ಫ್ರೇಮಿಗೆ ಬರೀ 32 ಬೈಟ್ ಜಾಸ್ತಿ, ಪೂರ್ತಿ ಲೈನ್ ರೇಟಲ್ಲಿ ಓಡತ್ತೆ. ಎರಡು ಡೇಟಾ ಸೆಂಟರ್ ಮಧ್ಯೆ ನಿಮ್ದೇ ಡಾರ್ಕ್ ಫೈಬರ್ (ಮಧ್ಯೆ ಬೇರೆಯವರ ಉಪಕರಣ ಇಲ್ಲದ ಖಾಲಿ ಫೈಬರ್) ಇದ್ರೆ ಇದಕ್ಕಿಂತ ಒಳ್ಳೇದಿಲ್ಲ. ಆದ್ರೆ ಇದು ಒಂದು ಹಾಪಿಂದ ಮುಂದಿನ ಹಾಪಿಗೆ, ಅಂದ್ರೆ ಒಂದು ಪೆಟ್ಟಿಗೆಯಿಂದ ಪಕ್ಕದ ಪೆಟ್ಟಿಗೆಗೆ ಮಾತ್ರ, ಮಧ್ಯದಲ್ಲಿ ಬೇರೆಯವರ ರೂಟರ್ ಬಂದ್ರೆ ಅಲ್ಲಿ ಬಿಚ್ಚಿ ಮತ್ತೆ ಮುಚ್ಚಬೇಕಾಗತ್ತೆ. ತಗೊಳ್ಳೋವಾಗ ಎಕ್ಸ್‌ಪಿಎನ್ ಇದೆಯಾ ಅಂತ ತಪ್ಪದೆ ಕೇಳಿ. ಹಳೇ ಮ್ಯಾಕ್‌ಸೆಕ್ಕಲ್ಲಿ ಪ್ಯಾಕೆಟ್ ನಂಬರಿಗೆ 32 ಬಿಟ್ ಜಾಗ, ಸಣ್ಣ ಪ್ಯಾಕೆಟ್ಟೇ ತುಂಬಿ ಬಂದ್ರೆ 10 ಗಿಗಾಬಿಟ್ ಲಿಂಕಲ್ಲಿ ಆ ನಂಬರ್ ಐದು ನಿಮಿಷದೊಳಗೆ ಮುಗಿಯತ್ತೆ, 100 ಗಿಗಾಬಿಟ್ಟಲ್ಲಿ ಅರ್ಧ ನಿಮಿಷ ಕೂಡ ಬರಲ್ಲ, ಪ್ರತಿ ಸಲ ಹೊಸ ಕೀಲಿ ಮಾಡ್ತಾ ಕೂರ್ಬೇಕು. ಎಕ್ಸ್‌ಪಿಎನ್ ಅದನ್ನ 64 ಬಿಟ್ಟಿಗೆ ಏರಿಸತ್ತೆ.

ನಾಲ್ಕನೇದು ರೂಟರಿಂದ ಹೊರಗೆ, ಲೈನ್ ಮಧ್ಯೆ ಕೂರೋ ಪ್ರತ್ಯೇಕ ಎನ್‌ಕ್ರಿಪ್ಟರ್ ಪೆಟ್ಟಿಗೆ. ಒಂದು ಕಡೆ ಕೆಂಪು ಅಂದ್ರೆ ತೆರೆದ ಬದಿ, ಇನ್ನೊಂದು ಕಡೆ ಕಪ್ಪು ಅಂದ್ರೆ ಮುಚ್ಚಿದ ಬದಿ. ಕೀಲಿ ಪೆಟ್ಟಿಗೆ ಒಳಗಿನ ಬಿಗಿ ಮಾಡಿದ ಚಿಪ್ಪಲ್ಲಿ, ಮುಚ್ಚಳ ತೆಗೆದ್ರೆ ಅಳಿಸಿ ಹೋಗತ್ತೆ. ಇದರ ದೊಡ್ಡ ಲಾಭ ಏನಂದ್ರೆ ರೂಟರ್ ನೋಡ್ಕೊಳ್ಳೋ ಏಜೆನ್ಸಿ ಬೇರೆ, ಕೀಲಿ ನೋಡ್ಕೊಳ್ಳೋ ಅಧಿಕಾರಿ ಬೇರೆ ಅಂತ ಮಾಡಬಹುದು, ನಾಳೆ ರೂಟರ್ ಬದಲಾಯಿಸಿದ್ರೂ ಗುಟ್ಟು ಅಲುಗಲ್ಲ. ನಮ್ಮಲ್ಲಿ ಬೆಂಗಳೂರಿನ ಬಿಇಎಲ್ ಇಂಥವನ್ನ ರಕ್ಷಣಾ ಪಡೆಗಳಿಗೆ ಮಾಡ್ಕೊಂಡು ಬಂದಿದೆ, ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ಕೂಡ ಕಾಂಪ್ಯಾಕ್ಟ್ ಎನ್‌ಕ್ರಿಪ್ಶನ್ ಮಾಡ್ಯೂಲ್ ಅಂತ ತಂದಿದೆ. ಅಮೆರಿಕದಲ್ಲಿ ಎನ್‌ಎಸ್‌ಎ ಅನ್ನೋ ಗುಪ್ತಚರ ಸಂಸ್ಥೆ ಇನ್ನೊಂದು ದಾರಿ ಇಟ್ಟಿದೆ, ಸಿಎಸ್‌ಎಫ್‌ಸಿ ಅಂತ, ಮಾರುಕಟ್ಟೆ ಉಪಕರಣಗಳನ್ನೇ ಎರಡು ಪದರ ಮಾಡಿ ಒಂದರೊಳಗೊಂದು ಟನಲ್ ಹಾಕೋದು, ಒಂದು ಪದರದ ತಪ್ಪು ಇನ್ನೊಂದರಲ್ಲೂ ಇರಬಾರದು ಅಂತ ಎರಡನ್ನೂ ಬೇರೆ ಬೇರೆ ಮಾಡೋದು. ಆ ಯೋಚನೆ ನನಗೆ ತುಂಬಾ ಇಷ್ಟ, ದುಡ್ಡು ಇರೋ ಇಲಾಖೆ ಕೇಂದ್ರದ ಲಿಂಕಿಗಾದ್ರೂ ಅದನ್ನ ಮಾಡಬಹುದು.

ನನ್ನ ಆಯ್ಕೆ ಕೇಳಿದ್ರೆ: ತಾಲೂಕಿಗೆ ಪ್ರೊಸೆಸರ್ ಒಳಗಿನ ಎಇಎಸ್ ಮತ್ತು ಟಿಪಿಎಂ ಚಿಪ್ (ಕೀಲಿನ ಬೇರೆಯಾಗಿ ಕಾಪಾಡೋ ಸಣ್ಣ ಚಿಪ್) ಇರೋ ರೂಟರು, ಜಿಲ್ಲೆ ಮತ್ತು ರಾಜ್ಯ ಕೇಂದ್ರಕ್ಕೆ ಕ್ರಿಪ್ಟೊ ಎಂಜಿನ್ ಇರೋದು, ಡೇಟಾ ಸೆಂಟರ್ ಮಧ್ಯೆ ಮ್ಯಾಕ್‌ಸೆಕ್, ನಿಜವಾಗ್ಲೂ ಸೂಕ್ಷ್ಮವಾದ ಎರಡು ಮೂರು ಲಿಂಕಿಗೆ ಪ್ರತ್ಯೇಕ ಪೆಟ್ಟಿಗೆ. ಎಲ್ಲಾ ಕಡೆ ಒಂದೇ ಅಂತ ಹಟ ಹಿಡಿದ್ರೆ ಎಲ್ಲೋ ದುಡ್ಡು ದಂಡ, ಎಲ್ಲೋ ರಕ್ಷಣೆ ಸಾಲಲ್ಲ.

ಹೆಜ್ಜೆ 4: ಡೇಟಾಶೀಟಿನ ಸ್ಪೀಡ್ ನಂಬಬೇಡಿ, ಲೆಕ್ಕ ನೀವೇ ಹಾಕಿ

ಕಂಪನಿಗಳು ಎನ್‌ಕ್ರಿಪ್ಶನ್ ವೇಗ ಹೇಳೋವಾಗ ಹೆಚ್ಚಾಗಿ 1400 ಬೈಟಿನ ದೊಡ್ಡ ಪ್ಯಾಕೆಟ್ ಇಟ್ಕೊಂಡು ಹೇಳ್ತಾರೆ. ನಿಮ್ಮ ಕಚೇರೀಲಿ ಐಪಿ ಫೋನ್ ಇದೆ ಅಂತಿಟ್ಕೊಳ್ಳಿ. ಜಿ.729 ಅನ್ನೋ ಧ್ವನಿ ಕೋಡೆಕ್ಕಿನ ಒಂದು ಪ್ಯಾಕೆಟ್ 60 ಬೈಟ್. ಎಇಎಸ್-ಜಿಸಿಎಂ (ಮುಚ್ಚೋದರ ಜೊತೆ ಯಾರೂ ತಿದ್ದಿಲ್ಲ ಅಂತಲೂ ನೋಡೋ ಎಇಎಸ್ ವಿಧಾನ) ಇಟ್ಟು ಟನಲ್ ಮೋಡಲ್ಲಿ ಐಪಿಸೆಕ್ (ವಿಪಿಎನ್ ಟನಲ್ಲಲ್ಲಿ ಪ್ಯಾಕೆಟ್ ಮುಚ್ಚೋ ಪದ್ಧತಿ) ಹಾಕಿದ್ರೆ ಹೊರಗಿನ ಐಪಿ ಹೆಡರ್ 20, ಇಎಸ್‌ಪಿ (ಮುಚ್ಚಿದ ಪ್ಯಾಕೆಟ್ಟಿನ ಹೊದಿಕೆ) ಹೆಡರ್ 8, ಐವಿ (ಪ್ರತಿ ಪ್ಯಾಕೆಟ್ಟಿಗೆ ಬದಲಾಗೋ ಸಂಖ್ಯೆ) 8, ಕೊನೇಲಿ ಟ್ರೇಲರ್ ಮತ್ತು ಪ್ಯಾಡಿಂಗ್ 4, ತಿದ್ದಿಲ್ಲ ಅಂತ ತೋರಿಸೋ ಮುದ್ರೆ 16, ಒಟ್ಟು 56 ಸೇರಿ 116 ಬೈಟ್ ಆಗತ್ತೆ. ಹೆಚ್ಚು ಕಮ್ಮಿ ಎರಡರಷ್ಟು. ಜೊತೆಗೆ ಸಣ್ಣ ಪ್ಯಾಕೆಟ್ ಜಾಸ್ತಿ ಬಂದಷ್ಟೂ ಎಂಜಿನ್ ಸೆಕೆಂಡಿಗೆ ಎಷ್ಟು ಪ್ಯಾಕೆಟ್ ಮಾಡತ್ತೆ ಅನ್ನೋದೇ ಮಿತಿ ಆಗತ್ತೆ, ಎಷ್ಟು ಮೆಗಾಬಿಟ್ ಅನ್ನೋದು ಅಲ್ಲ. ಅದಕ್ಕೆ ಟೆಂಡರಲ್ಲಿ "ಐಮಿಕ್ಸ್ ಟ್ರಾಫಿಕ್ಕಲ್ಲಿ, ಎರಡೂ ದಿಕ್ಕು ಸೇರಿ, ಎಇಎಸ್-256-ಜಿಸಿಎಂ ಇಟ್ಟು" ಅಂತ ಸ್ಪಷ್ಟವಾಗಿ ಬರೆಸಿ, ಐಮಿಕ್ಸ್ ಅಂದ್ರೆ ಸಣ್ಣ ದೊಡ್ಡ ಪ್ಯಾಕೆಟ್ ಬೆರೆಸಿದ್ದು.

ಇನ್ನೊಂದು ಸೂಕ್ಷ್ಮ ಇದೆ. 10 ಗಿಗಾಬಿಟ್ ಅಂತ ಬರೆದಿರ್ತಾರೆ, ಆದ್ರೆ ಅದು ನೂರಾರು ಟನಲ್ ಒಟ್ಟು ಸೇರಿಸಿದ್ದು, ಒಂದೇ ಟನಲ್ಲಿನ ಪ್ಯಾಕೆಟ್ಟೆಲ್ಲ ಎಷ್ಟೋ ರೂಟರಲ್ಲಿ ಒಂದೇ ಕೋರ್ ಮೇಲೆ ಬೀಳತ್ತೆ. ಎರಡು ಡೇಟಾ ಸೆಂಟರ್ ಮಧ್ಯೆ ಒಂದೇ ದಪ್ಪ ಟನಲ್ ಇಟ್ಟು ಬ್ಯಾಕಪ್ ಕಾಪಿ ಮಾಡೋರಿಗೆ ಇದು ಗೊತ್ತಾಗೋದು ಪೆಟ್ಟಿಗೆ ಬಂದ ಮೇಲೆ. ಒಂದು ಟನಲ್ಲಿಗೆ ಎಷ್ಟು ಅಂತ ಬೇರೆ ಕೇಳಿ.

ಲೈಸೆನ್ಸ್ ಕೂಡ ನೋಡಿ. ಸಿಸ್ಕೊ 2900, 3900 ಸರಣಿ ಈಗಲೂ ಎಷ್ಟೋ ಕಚೇರೀಲಿ ಓಡ್ತಾ ಇವೆ, ಅದರಲ್ಲಿ ಮಾಮೂಲಿ ಸೆಕ್ಯುರಿಟಿ ಲೈಸೆನ್ಸ್ ಇದ್ರೆ ಎನ್‌ಕ್ರಿಪ್ಟ್ ಆದ ಟ್ರಾಫಿಕ್ ಒಂದು ದಿಕ್ಕಿಗೆ 85 ಎಂಬಿಪಿಎಸ್ ಮತ್ತು 225 ಟನಲ್ಲಿಗೆ ಕಟ್ಟಿಹಾಕಿರ್ತಾರೆ, ಅಮೆರಿಕದ ರಫ್ತು ನಿಯಮದ ಕಾರಣಕ್ಕೆ. ಅದಕ್ಕಿಂತ ಜಾಸ್ತಿಗೆ ಎಚ್‌ಸೆಕ್ ಅನ್ನೋ ಬೇರೆ ಲೈಸೆನ್ಸ್ ಬೇಕು. ಲಿಂಕ್ 100ಕ್ಕೆ ಏರಿಸಿ ಯಾಕೆ 85ಕ್ಕೇ ನಿಂತಿದೆ ಅಂತ ತಿಂಗಳುಗಟ್ಟಲೆ ಟೆಲಿಕಾಂನವರ ಜೊತೆ ಜಗಳ ಆಡೋದಕ್ಕಿಂತ ಮೊದ್ಲು ಲೈಸೆನ್ಸ್ ನೋಡೋದು ವಾಸಿ.

ಹೆಜ್ಜೆ 5: ಸರ್ಟಿಫಿಕೇಟ್ ಓದೋದು ಹೇಗೆ

ಕ್ರಿಪ್ಟೊ ಉಪಕರಣ ಪರೀಕ್ಷಿಸೋ ಅಮೆರಿಕದ ಮಾನದಂಡ ಫಿಪ್ಸ್ 140ರಲ್ಲಿ ನಾಲ್ಕು ಮಟ್ಟ ಇವೆ. ಒಂದರಲ್ಲಿ ಪೆಟ್ಟಿಗೆಗೆ ವಿಶೇಷ ರಕ್ಷಣೆ ಏನೂ ಇಲ್ಲ, ಎರಡರಲ್ಲಿ ಯಾರಾದ್ರೂ ಬಿಚ್ಚಿದ್ರೆ ಗುರುತು ಉಳಿಯೋ ಸೀಲು ಇರ್ಬೇಕು, ಮೂರರಲ್ಲಿ ಬಿಚ್ಚೋಕೆ ಹೋದ್ರೆ ಕೀಲಿ ಅಳಿಸಬೇಕು ಮತ್ತು ಆಪರೇಟರ್ ಯಾರು ಅಂತ ವ್ಯಕ್ತಿಗತವಾಗಿ ಗುರುತಿಸಬೇಕು, ನಾಲ್ಕರಲ್ಲಿ ಬಿಸಿ, ವೋಲ್ಟೇಜ್ ಏರುಪೇರು ಮಾಡಿ ಒಡೆಯೋ ಪ್ರಯತ್ನಕ್ಕೂ ಬಗ್ಗಬಾರದು. ಬೀದಿ ಬದಿ ಕಟ್ಟಡದಲ್ಲಿ, ಬೀಗ ಸರಿ ಇಲ್ಲದ ಕೋಣೇಲಿ ಕೂರೋ ಪೆಟ್ಟಿಗೆಗೆ ಕನಿಷ್ಠ ಎರಡು ಬೇಕು ಅನ್ನೋದು ನನ್ನ ಅಭಿಪ್ರಾಯ. ಸರ್ಟಿಫಿಕೇಟಲ್ಲಿ ಫರ್ಮ್‌ವೇರ್ ನಂಬರ್ ಬರೆದಿರತ್ತೆ, ನಿಮ್ಮ ಪೆಟ್ಟಿಗೇಲಿ ಅದೇ ನಂಬರ್ ಇದೆಯಾ, ಫಿಪ್ಸ್ ಮೋಡ್ ಆನ್ ಮಾಡಿದೀರಾ ಅಂತ ನೋಡಿ, ಇಲ್ಲಾಂದ್ರೆ ಆ ಕಾಗದ ನಿಮ್ಮ ಪೆಟ್ಟಿಗೆಗೆ ಸಂಬಂಧಪಟ್ಟಿದ್ದೇ ಅಲ್ಲ. ಹಳೇ 140-2 ಸರ್ಟಿಫಿಕೇಟುಗಳಿಗೆ 2026ರ ಸೆಪ್ಟೆಂಬರ್ 21 ಕೊನೇ ದಿನ, ಆಮೇಲೆ ಅವು ಹಳೇ ಪಟ್ಟಿಗೆ ಹೋಗ್ತವೆ, ಅದಕ್ಕೆ ಹೊಸ ಖರೀದಿಗೆ 140-3 ಕೇಳಿ.

ನಮ್ಮ ದೇಶದ್ದು ಬಿಡೋ ಹಾಗಿಲ್ಲ. 2021ರ ಜೂನ್ 15ರಿಂದ ಟೆಲಿಕಾಂ ಕಂಪನಿಗಳಿಗೆ ನಂಬಿಕಸ್ಥ ಮೂಲದ ಉಪಕರಣಾನೇ ಹಾಕ್ಬೇಕು ಅನ್ನೋ ರಾಷ್ಟ್ರೀಯ ಸುರಕ್ಷತಾ ನಿರ್ದೇಶನ ಜಾರೀಲಿದೆ. ಟೆಲಿಕಾಂ ಇಲಾಖೆಯ ಸುರಕ್ಷತಾ ಪ್ರಮಾಣೀಕರಣ ಕೇಂದ್ರ ಎನ್‌ಸಿಸಿಎಸ್ ಇರೋದು ನಮ್ಮ ಬೆಂಗಳೂರಲ್ಲೇ, ಐಪಿ ರೂಟರಿಗೆ ಅಂತಾನೇ ಅವರು ಐಟಿಎಸ್‌ಎಆರ್ ಅನ್ನೋ ಸುರಕ್ಷತಾ ಅಗತ್ಯಗಳ ದಾಖಲೆ ಬರೆದಿದ್ದಾರೆ. ಅದನ್ನ ಕೂತು ಓದಿ, ಟೆಂಡರ್ ಬರೆಯೋರಿಗೆ ಅರ್ಧ ಕೆಲಸ ಅಲ್ಲೇ ಮುಗಿದಿರತ್ತೆ.

ಆದ್ರೂ ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ, ಸರ್ಟಿಫಿಕೇಟಿಗೂ ಅದೇ ಮಾತು. 2017ರಲ್ಲಿ ರೋಕಾ ಅನ್ನೋ ದೋಷ ಹೊರಬಿತ್ತು, ಇನ್ಫಿನಿಯನ್ ಕಂಪನಿಯ ಸೆಕ್ಯುರಿಟಿ ಚಿಪ್ಪುಗಳು ಮಾಡ್ತಿದ್ದ ಆರ್‌ಎಸ್‌ಎ ಕೀಲಿಗಳು ದುರ್ಬಲ ಆಗಿದ್ವು, ಆ ಚಿಪ್ಪುಗಳಿಗೆ ಫಿಪ್ಸ್, ಕಾಮನ್ ಕ್ರೈಟೀರಿಯಾ (ಇದೂ ಒಂದು ಅಂತರರಾಷ್ಟ್ರೀಯ ಸುರಕ್ಷತಾ ಸರ್ಟಿಫಿಕೇಟು) ಎರಡೂ ಇತ್ತು. 2015ರ ಡಿಸೆಂಬರಲ್ಲಿ ಜುನಿಪರ್ ಕಂಪನಿ ತಾನೇ ಮುಂದೆ ಬಂದು ತನ್ನ ಫೈರ್‌ವಾಲ್ ಸಾಫ್ಟ್‌ವೇರ್ ಸ್ಕ್ರೀನ್‌ಒಎಸ್ಸಲ್ಲಿ ಯಾರೋ ಅನಧಿಕೃತ ಕೋಡ್ ಸೇರಿಸಿದಾರೆ, ಅದರಿಂದ ವಿಪಿಎನ್ ಟ್ರಾಫಿಕ್ ಬಿಚ್ಚಿ ಓದಬಹುದು ಅಂತ ಹೇಳ್ತು, ಆ ಕತೆಯ ಬೇರು ಇದ್ದಿದ್ದು ರ್‍ಯಾಂಡಮ್ ನಂಬರ್ ಹುಟ್ಟಿಸೋ ಭಾಗದಲ್ಲಿ. ಎಲ್ಲಕ್ಕಿಂತ ಮನಸ್ಸಿಗೆ ತಟ್ಟೋದು ಕ್ರಿಪ್ಟೊ ಎಜಿ. ಸ್ವಿಟ್ಜರ್ಲೆಂಡಿನ ಆ ಕಂಪನಿ ದಶಕಗಟ್ಟಲೆ ನೂರಕ್ಕೂ ಹೆಚ್ಚು ದೇಶಗಳಿಗೆ ಎನ್‌ಕ್ರಿಪ್ಶನ್ ಯಂತ್ರ ಮಾರ್ತು, 2020ರ ಫೆಬ್ರವರೀಲಿ ಅದರ ಗುಪ್ತ ಮಾಲೀಕರು ಅಮೆರಿಕದ ಸಿಐಎ ಮತ್ತು ಜರ್ಮನಿಯ ಬಿಎನ್‌ಡಿ ಅಂತ ಪತ್ರಿಕೆಗಳು ಬಯಲು ಮಾಡಿದ್ವು, ಗಿರಾಕಿಗಳ ಪಟ್ಟೀಲಿ ಭಾರತದ ಹೆಸರೂ ಇತ್ತು. ಅಂದ್ರೆ ಬೀಗ ಮಾಡಿದವನ ಹತ್ರಾನೇ ಇನ್ನೊಂದು ಕೈ ಇತ್ತು. ಪೆಟ್ಟಿಗೆ ಯಾರು ಮಾಡಿದ್ರು, ಒಳಗಿನ ಕೋಡ್ ಯಾರು ಪರೀಕ್ಷೆ ಮಾಡಿದ್ರು ಅಂತ ಕೇಳೋದು ಅನುಮಾನದ ಸ್ವಭಾವ ಅಲ್ಲ, ಅದು ಕೆಲಸದ ಭಾಗ.

ಹೆಜ್ಜೆ 6: ಕಾನ್ಫಿಗರೇಶನ್, ಮುಖ್ಯವಾಗಿ ಪೆಟ್ಟಿಗೆ ಕೈಕೊಟ್ರೆ ಏನಾಗತ್ತೆ ಅನ್ನೋದು

ಅಲ್ಗಾರಿದಮ್ ವಿಷಯ ಬೇಗ ಮುಗಿಸ್ತೀನಿ. ಐಕೆಇ (ಎರಡು ಕಡೆಯವರು ಕೀಲಿ ಒಪ್ಕೊಳ್ಳೋ ಪ್ರೋಟೋಕಾಲ್) ವರ್ಷನ್ 2, ಎಇಎಸ್-256-ಜಿಸಿಎಂ, ಎಸ್‌ಎಚ್‌ಎ-384 (ಹ್ಯಾಶ್), ಡಿಎಚ್ (ಕೀಲಿ ಹಂಚ್ಕೊಳ್ಳೋ ಲೆಕ್ಕ) ಗ್ರೂಪ್ 20. ಐಕೆಇ ವರ್ಷನ್ 1 ಅನ್ನ 2023ರಲ್ಲೇ ಅಧಿಕೃತವಾಗಿ ಹಳೇದು ಅಂತ ಬದಿಗಿಟ್ಟಾಯ್ತು, 3ಡಿಇಎಸ್ ಅನ್ನೋ ಹಳೇ ಎನ್‌ಕ್ರಿಪ್ಶನ್ ಇದ್ರೆ ಇವತ್ತೇ ತೆಗೀರಿ, ಡಿಎಚ್ ಗ್ರೂಪ್ 2 ಎಲ್ಲೂ ಕಾಣಬಾರದು. ಹಳೇದನ್ನೂ ಇರಲಿ ಅಂತ ಪಟ್ಟಿ ಕೊನೇಲಿ ಬಿಡ್ತಾರೆ ನೋಡಿ, ಹಾಗೆ ಬಿಡಬೇಡಿ, ಬಿಟ್ಟಿದ್ದು ಒಂದಲ್ಲಾ ಒಂದಿನ ಬಳಕೆಗೆ ಬರತ್ತೆ.

ಈಗ ಮೊದಲು ಹೇಳಿದ ಆ ಜಿಲ್ಲಾ ಕಚೇರಿ ಕತೆ ಮತ್ತೆ ಆಗದ ಹಾಗೆ ಮಾಡೋದು. ಆಕ್ಸೆಸ್ ಲಿಸ್ಟ್ ಬರೆದು ಯಾವುದನ್ನ ಮುಚ್ಚಬೇಕು ಅಂತ ಆರಿಸೋ ಹಳೇ ಪದ್ಧತಿ ಬಿಡಿ. ಅದರ ಬದಲು ಟನಲ್ ಇಂಟರ್‌ಫೇಸ್ ಮಾಡಿ, ಟೆಲಿಕಾಂ ಕಡೆ ಪೋರ್ಟನ್ನ ಬೇರೇನೇ ವಿಆರ್‌ಎಫ್ (ಒಂದೇ ರೂಟರ್ ಒಳಗಿನ ಪ್ರತ್ಯೇಕ ರೂಟಿಂಗ್ ಟೇಬಲ್) ಒಳಗೆ ಹಾಕಿ. ಕಚೇರಿ ಒಳಗಿನ ರೂಟಿಂಗ್ ಟೇಬಲ್‌ಗೆ ಹೊರಗೆ ಹೋಗೋ ದಾರಿ ಅಂತ ಗೊತ್ತಿರೋದು ಟನಲ್ ಒಂದೇ ಆಗಿರ್ಬೇಕು. ಟೆಲಿಕಾಂ ಪೋರ್ಟ್ ಮೇಲೆ ಐಪಿಸೆಕ್ಕಿಗೆ ಬೇಕಾದ ಯುಡಿಪಿ 500, 4500 ಮತ್ತು ಪ್ರೋಟೋಕಾಲ್ 50 ಬಿಟ್ಟು ಏನೂ ಹೋಗಬಾರದು, ಏನೂ ಬರಬಾರದು (ಟೈಮ್ ಸರ್ವರಿನಂಥ ಒಂದೆರಡು ಅಪವಾದ ಇವೆ, ಮುಂದೆ ಹೇಳ್ತೀನಿ). ಹೀಗೆ ಮಾಡಿದ್ರೆ ನಾಳೆ ಯಾರು ಎಷ್ಟು ಹೊಸ ವಿಲ್ಯಾನ್ ಮಾಡಿದ್ರೂ ಅದು ಟನಲ್ಲಲ್ಲೇ ಹೋಗ್ಬೇಕು, ಟನಲ್ ಬಿದ್ರೆ ಟ್ರಾಫಿಕ್ ಅಲ್ಲೇ ಸಾಯತ್ತೆ, ತೆರೆದು ಹರಿಯಲ್ಲ. ಜನ ಫೋನ್ ಮಾಡಿ ಬೈತಾರೆ, ಆ ಬೈಗುಳ ಒಳ್ಳೇದು, ಯಾರಿಗೂ ಗೊತ್ತಾಗದೆ ನಾಲ್ಕು ತಿಂಗಳು ಸೋರೋದಕ್ಕಿಂತ ಎಷ್ಟೋ ಮೇಲು. ಪ್ರತ್ಯೇಕ ಎನ್‌ಕ್ರಿಪ್ಟರ್ ತಗೊಂಡಿದ್ರೆ ಅದರಲ್ಲಿ ಬೈಪಾಸ್ ಅನ್ನೋ ಸೆಟ್ಟಿಂಗ್ ಇದೆಯಾ ನೋಡಿ, ಕರೆಂಟ್ ಹೋದ್ರೆ ಕೆಂಪು ಬದಿನ ಕಪ್ಪು ಬದಿಗೆ ನೇರ ಜೋಡಿಸೋ ಅನುಕೂಲ ಅದು, ಅದನ್ನ ಮುಚ್ಚಿಸಿ.

ಎಂಟಿಯು, ಅಂದ್ರೆ ಲಿಂಕಲ್ಲಿ ಹೋಗಬಹುದಾದ ಅತಿ ದೊಡ್ಡ ಪ್ಯಾಕೆಟ್ ಗಾತ್ರದ ಬಗ್ಗೆ ಎರಡು ಮಾತು, ಯಾಕಂದ್ರೆ ಪೆಟ್ಟಿಗೆ ಹಾಕಿದ ಮಾರನೇ ದಿನ ಬರೋ ಕಂಪ್ಲೇಂಟ್ ಹತ್ತಕ್ಕೆ ಎಂಟು ಇದೇ. ಪಿಂಗ್ ಹೋಗತ್ತೆ, ಲಾಗಿನ್ ಪೇಜ್ ಬರತ್ತೆ, ಪಿಡಿಎಫ್ ತೆರೆಯಲ್ಲ. ಮೇಲಿನ ಲೆಕ್ಕದ ಪ್ರಕಾರ (ಇಲ್ಲಿ ಪ್ಯಾಡಿಂಗ್ ಬೇಡ, ಟ್ರೇಲರ್ 2 ಅಷ್ಟೇ, ಹಾಗಾಗಿ 56ರ ಬದಲು 54) 1500ರಲ್ಲಿ ಒಳಗಿನ ಪ್ಯಾಕೆಟ್ಟಿಗೆ ಉಳಿಯೋದು 1446, ಜಿಆರ್‌ಇ (ಇನ್ನೊಂದು ಟನಲ್ ಹೊದಿಕೆ) ಸೇರಿದ್ರೆ ಇನ್ನೂ 24 ಕಮ್ಮಿ, ನ್ಯಾಟ್ (ವಿಳಾಸ ಬದಲಾಯಿಸೋ ಪೆಟ್ಟಿಗೆ) ದಾಟಬೇಕಂದ್ರೆ ಇನ್ನೂ 8. ತಲೆ ಕೆಡಿಸ್ಕೊಳ್ಳದೆ ಟನಲ್ ಎಂಟಿಯು 1400, ಟಿಸಿಪಿ ಎಂಎಸ್‌ಎಸ್ (ಪ್ಯಾಕೆಟ್ ಒಳಗಿನ ಡೇಟಾ ಮಿತಿ) 1360 ಇಡಿ, ಎರಡೂ ಕಡೆ. ಕ್ಯುಒಎಸ್ (ಕೆಲವು ಟ್ರಾಫಿಕ್ಕಿಗೆ ಆದ್ಯತೆ) ಹಾಕಿದೀರಾ ಅಂದ್ರೆ ಆಂಟಿ ರಿಪ್ಲೇ ವಿಂಡೋ 64 ಇರೋದನ್ನ 1024ಕ್ಕೆ ಏರಿಸಿ, ಮುಚ್ಚಿದ ಮೇಲೆ ಧ್ವನಿ ಪ್ಯಾಕೆಟ್ ಮುಂದೆ ಹೋಗಿ ಡೇಟಾ ಪ್ಯಾಕೆಟ್ ಹಿಂದೆ ಬಿದ್ರೆ ಆ ಕಡೆ ಪೆಟ್ಟಿಗೆ ಇದು ಹಳೇ ಪ್ಯಾಕೆಟ್ ಮರುಕಳಿಸ್ತಿದಾರೆ ಅಂತ ಬಿಸಾಕತ್ತೆ.

ಹೆಜ್ಜೆ 7: ಬೀಗದ ಕೈ

ಒಂದು ಕಡೆ ಅರವತ್ತಕ್ಕೂ ಹೆಚ್ಚು ಸೈಟಿಗೆ ಒಂದೇ ಪ್ರೀ-ಶೇರ್ಡ್ ಕೀ (ಎರಡೂ ಕಡೆ ಮೊದಲೇ ಟೈಪ್ ಮಾಡಿಡೋ ಗುಪ್ತ ಪದ) ನೋಡಿದೀನಿ, ಇಲಾಖೆ ಹೆಸರು ಮುಂದೆ 123. ಸೈಟಿಗೆ ಹೋಗೋ ಪ್ರತಿ ಹುಡುಗನ ವಾಟ್ಸಾಪಲ್ಲಿ ಕಾನ್ಫಿಗ್ ಫೈಲ್ ಇತ್ತು. ಊರಿಗೆಲ್ಲ ಒಂದೇ ಬೀಗ ಹಾಕಿ ಅದರ ಕೈನ ಬಸ್ ಸ್ಟ್ಯಾಂಡಲ್ಲಿ ನೇತು ಹಾಕಿದ ಹಾಗೆ, ಆ ಕಡೆ ಕಾರ್ಡ್ ಮಾತ್ರ ಲಕ್ಷಗಟ್ಟಲೆ ರೂಪಾಯಿದು.

ಹತ್ತಕ್ಕಿಂತ ಹೆಚ್ಚು ಸೈಟ್ ಇದ್ರೆ ಸರ್ಟಿಫಿಕೇಟ್ ಪದ್ಧತಿಗೆ ಹೋಗಿ (ಹೆಜ್ಜೆ 5ರ ಕಾಗದ ಅಲ್ಲ, ಪ್ರತಿ ರೂಟರಿಗೆ ಸಹಿ ಹಾಕಿ ಕೊಡೋ ಡಿಜಿಟಲ್ ಗುರುತಿನ ಚೀಟಿ). ಖಾಸಗಿ ಕೀಲಿ ರೂಟರ್ ಒಳಗೇ, ಟಿಪಿಎಂ ಇಲ್ಲ ಕ್ರಿಪ್ಟೊ ಮಾಡ್ಯೂಲಲ್ಲೇ ಹುಟ್ಟಬೇಕು, ಹೊರಗೆ ತೆಗೆಯೋಕೆ ಆಗಬಾರದು, ಆ ಎಕ್ಸ್‌ಪೋರ್ಟೆಬಲ್ ಅನ್ನೋ ಆಯ್ಕೆ ಮುಟ್ಟಬೇಡಿ. ಆ ಸರ್ಟಿಫಿಕೇಟುಗಳಿಗೆ ಸಹಿ ಹಾಕೋ ಮೂಲ ಸಿಎ (ಸರ್ಟಿಫಿಕೇಟ್ ಪ್ರಾಧಿಕಾರ) ಕೀಲಿ ನೆಟ್‌ವರ್ಕಿಂದ ಹೊರಗಿರೋ ಎಚ್‌ಎಸ್‌ಎಂ (ಕೀಲಿ ಕಾಪಾಡೋ ಯಂತ್ರ) ಒಳಗೆ, ತೆರೆಯೋಕೆ ಇಬ್ಬರು ಅಧಿಕಾರಿಗಳ ಕಾರ್ಡು ಬೇಕು, ಇಬ್ಬರಲ್ಲಿ ಒಬ್ಬರಾದ್ರೂ ಕಾಂಟ್ರ್ಯಾಕ್ಟ್ ಏಜೆನ್ಸಿಗೆ ಸೇರದ ಇಲಾಖೆಯವರೇ ಆಗಿರ್ಬೇಕು. ಏಜೆನ್ಸಿ ಮೂರು ವರ್ಷಕ್ಕೆ ಬದಲಾಗತ್ತೆ, ಇಲಾಖೆ ಇರತ್ತೆ.

ಇಲ್ಲೊಂದು ಗಂಟು ಇದೆ, ತುಂಬಾ ಜನ ಸಿಕ್ಕಿಹಾಕ್ಕೊಳ್ತಾರೆ. ರದ್ದಾದ ಸರ್ಟಿಫಿಕೇಟಿನ ಪಟ್ಟಿ ಇರೋ ಸರ್ವರ್ ಡೇಟಾ ಸೆಂಟರ್ ಒಳಗೆ, ಅಲ್ಲಿಗೆ ಹೋಗೋಕೆ ಟನಲ್ ಬೇಕು, ಟನಲ್ ಏಳೋಕೆ ಆ ಪಟ್ಟಿ ಬೇಕು. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ಬೇಸತ್ತು ರದ್ದತಿ ಪರಿಶೀಲನೆನೇ ಆಫ್ ಮಾಡಿಬಿಡ್ತಾರೆ, ಆಮೇಲೆ ಕಳುವಾದ ರೂಟರ್ ಕೂಡ ಒಳಗೆ ಬರಬಹುದು. ಆ ಪಟ್ಟಿಗೆ ಸಹಿ ಇರತ್ತೆ, ಅದರಲ್ಲಿ ಗುಟ್ಟೇನೂ ಇಲ್ಲ, ಅದಕ್ಕೆ ಅದನ್ನ ಟನಲ್ ಹೊರಗೆ ಟೆಲಿಕಾಂ ಬದಿಯಿಂದಲೇ ಸಿಗೋ ಹಾಗೆ ಇಡಿ.

ಗಡಿಯಾರಕ್ಕೂ ಇದೇ ಮಾತು. ಒಂದು ತಾಲೂಕಲ್ಲಿ ರಾತ್ರಿ ಯುಪಿಎಸ್ ಸತ್ತು ರೂಟರ್ ರೀಬೂಟ್ ಆಯ್ತು, ಒಳಗಿನ ಬ್ಯಾಟರಿನೂ ಸತ್ತಿತ್ತು, ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಯ್ತು, ಬೆಳಿಗ್ಗೆ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ ಅಂತ ಟನಲ್ ಏಳಲಿಲ್ಲ, ಪಹಣಿಗೆ ಅಂತ ಹಳ್ಳಿಯಿಂದ ಬಂದವರು ಸಂಜೆವರೆಗೂ ಕೂತಿದ್ರು. ಟೈಮ್ ಸರ್ವರ್ ಟನಲ್ ಹೊರಗಿಂದಲೂ ಸಿಗಲಿ, ದೃಢೀಕರಣ ಕೀಲಿ ಹಾಕಿರಲಿ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಗಡಿಯಾರ ಹೊಂದಿಸೋದು ಕಡ್ಡಾಯ ಅಂದಿದೆ, ಲಾಗ್ 180 ದಿನ ಇಡ್ಬೇಕು, ಘಟನೆ ಆದ್ರೆ 6 ಗಂಟೆಯೊಳಗೆ ತಿಳಿಸ್ಬೇಕು, ಅದೂ ಇಲ್ಲೇ ಸೇರಿಸ್ಕೊಳ್ಳಿ.

ಹೆಜ್ಜೆ 8: ಕ್ವಾಂಟಮ್ ಬಗ್ಗೆ ಈಗಲೇ ಎಷ್ಟು ಮಾಡ್ಬೇಕು

ಮುಚ್ಚಿದ ಟ್ರಾಫಿಕ್ಕನ್ನ ಇವತ್ತು ಹಿಡಿದಿಟ್ಕೊಂಡು ಹತ್ತು ಹದಿನೈದು ವರ್ಷ ಬಿಟ್ಟು ಕ್ವಾಂಟಮ್ ಕಂಪ್ಯೂಟರಿಂದ ಬಿಚ್ಚೋ ಅಪಾಯ ನಿಜ, ಜಮೀನು ದಾಖಲೆ ಅಷ್ಟು ವರ್ಷ ಆದ್ಮೇಲೂ ಬೆಲೆ ಇರೋದೇ. ಎಇಎಸ್-256 ಗಟ್ಟಿ ಇದೆ, ಪೆಟ್ಟು ಬೀಳೋದು ಕೀಲಿ ಹಂಚ್ಕೊಳ್ಳೋ ಭಾಗಕ್ಕೆ. 2024ರ ಆಗಸ್ಟಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಫಿಪ್ಸ್ 203 ಅಂತ ಎಂಎಲ್-ಕೆಇಎಂ (ಕ್ವಾಂಟಮ್‌ಗೂ ಬಗ್ಗದ ಕೀಲಿ ಹಂಚಿಕೆ) ಮಾನದಂಡ ಹೊರಡಿಸ್ತು, ಈಗ ತಗೊಳ್ಳೋ ಪೆಟ್ಟಿಗೆಗೆ ಫರ್ಮ್‌ವೇರ್ ಅಪ್‌ಡೇಟಲ್ಲಿ ಅದು ಬರತ್ತಾ ಅಂತ ಬರಹದಲ್ಲಿ ತಗೊಳ್ಳಿ. ಅಲ್ಲಿವರೆಗೆ ಆರ್‌ಎಫ್‌ಸಿ 8784 ಪ್ರಕಾರ ಐಕೆಇ ಜೊತೆಗೆ ಇನ್ನೊಂದು ಗುಪ್ತ ಕೀಲಿ ಬೆರೆಸಬಹುದು, ಸೈಟಿಗೊಂದು ಬೇರೆ ಬೇರೆ. ಕ್ಯುಕೆಡಿ (ಬೆಳಕಿನ ಕಣಗಳಲ್ಲಿ ಕೀಲಿ ಕಳಿಸೋ ಪದ್ಧತಿ) ಬಗ್ಗೆ ಕೇಳೋರಿದ್ದಾರೆ, ಬೆಂಗಳೂರಲ್ಲೇ ಅದನ್ನ ಮಾಡೋ ಕ್ಯುನು ಲ್ಯಾಬ್ಸ್ ಇದೆ, ಸಿ-ಡಾಟ್ ಕೂಡ ಮಾಡಿದೆ, ಆದ್ರೆ ಅದಕ್ಕೆ ಫೈಬರ್ ಬೇಕು, ದೂರದ ಮಿತಿ ಇದೆ, ಎರಡು ಡೇಟಾ ಸೆಂಟರ್ ಮಧ್ಯೆ ಯೋಚಿಸಬಹುದು, ತಾಲೂಕು ಲಿಂಕಿಗೆ ಸದ್ಯಕ್ಕೆ ಬೇಡ.

ಹೆಜ್ಜೆ 9: ಒಪ್ಪಿಕೊಳ್ಳೋ ಮುಂಚೆ ಪರೀಕ್ಷೆ

ಹಸಿರು ದೀಪ ನೋಡಿ ಸಹಿ ಹಾಕ್ಬೇಡಿ. ಟೆಲಿಕಾಂ ಕಡೆ ಪೋರ್ಟ್ ಮಿರರ್ ಮಾಡಿ ಲ್ಯಾಪ್‌ಟಾಪ್ ಹಚ್ಚಿ, ಕಚೇರಿ ಒಳಗಿನ ಪ್ರತಿ ವಿಲ್ಯಾನಿಂದ ಒಂದೊಂದು ಪಿಂಗ್ ಕಳಿಸಿ, ಪಿಂಗ್ ಒಳಗೆ ನಿಮಗೆ ಗೊತ್ತಿರೋ ಒಂದು ಮಾದರಿ ತುಂಬಿಸಿ, ಕ್ಯಾಪ್ಚರಲ್ಲಿ ಆ ಮಾದರಿ ಹುಡುಕಿ. ಸಿಗಬಾರದು. ಬರೀ ಇಎಸ್‌ಪಿ ಕಾಣಬೇಕು. ಆಮೇಲೆ ರೂಟರಲ್ಲಿ ಎನ್‌ಕ್ಯಾಪ್ಸ್ ಡಿಕ್ಯಾಪ್ಸ್ (ಮುಚ್ಚಿ ಕಳಿಸಿದ, ಬಿಚ್ಚಿ ತಗೊಂಡ ಪ್ಯಾಕೆಟ್ ಲೆಕ್ಕ) ಎರಡೂ ಕೌಂಟರ್ ಏರ್ತಿದೆಯಾ ನೋಡಿ, ಒಂದೇ ಏರ್ತಿದ್ರೆ ಆ ಕಡೆಯಿಂದ ಏನೋ ತೆರೆದು ಬರ್ತಿದೆ ಇಲ್ಲ ಬರ್ತಾನೇ ಇಲ್ಲ. ಕೆಲಸ ಮಾಡ್ತಿರೋದು ಹಾರ್ಡ್‌ವೇರ್ ಎಂಜಿನ್ನೋ ಸಾಫ್ಟ್‌ವೇರ್ ಎಂಜಿನ್ನೋ ಅಂತನೂ ನೋಡಿ, ಕಾರ್ಡ್ ಸತ್ತು ಸಾಫ್ಟ್‌ವೇರ್ ಸದ್ದಿಲ್ಲದೆ ಹೊರೆ ಹೊತ್ಕೊಂಡಿರೋದು, ಸಿಪಿಯು 90ಕ್ಕೆ ಏರಿರೋದು ಉಂಟು. ಇನ್ನು ಬೇಕಂತಲೇ ಟನಲ್ ಬೀಳಿಸಿ, ಟ್ರಾಫಿಕ್ ನಿಲ್ಲತ್ತಾ ನೋಡಿ, ಬ್ಯಾಕಪ್ ಲೈನಿಗೆ ಹೊರಳಿಸಿ ಇದನ್ನೆಲ್ಲ ಮತ್ತೊಂದು ಸಲ ಮಾಡಿ. ಒಂದು ಸರ್ಟಿಫಿಕೇಟ್ ರದ್ದು ಮಾಡಿ ಆ ಸೈಟ್ ಹೊರಗೆ ಬೀಳತ್ತಾ ಪರೀಕ್ಷಿಸಿ. ಕ್ಯಾಪ್ಚರ್ ಫೈಲನ್ನ ಒಪ್ಪಿಗೆ ಪತ್ರದ ಜೊತೆ ಫೈಲಿಗೆ ಹಾಕಿ, ಆರು ತಿಂಗಳಿಗೊಮ್ಮೆ, ಹೊಸ ವಿಲ್ಯಾನ್ ಬಂದಾಗೆಲ್ಲ ಇದೇ ಪರೀಕ್ಷೆ ಮತ್ತೆ.

ಹೆಜ್ಜೆ 10: ಪೆಟ್ಟಿಗೆ ಹೊರಗೆ ಹೋಗೋ ದಿನ

ರಿಪೇರಿಗೆ ಕಳಿಸೋವಾಗ, ಹಳೇದಾಯ್ತು ಅಂತ ಹರಾಜಿಗೆ ಹಾಕೋವಾಗ ಎರೇಸ್ ಕೊಟ್ರೆ ಸಾಲಲ್ಲ, ಕೀಲಿ ಪೂರ್ತಿ ಅಳಿಸೋ ಜೀರೊಯೈಸ್ ಆದೇಶ ಅಥವಾ ಬಟನ್ ಇರತ್ತೆ, ಅದನ್ನ ಒತ್ತಿ ಕೀಲಿ ಪಟ್ಟಿ ಖಾಲಿ ಅಂತ ಸ್ಕ್ರೀನಲ್ಲಿ ಬಂದಿದ್ದನ್ನ ಇಬ್ಬರು ನೋಡಿ ಸಹಿ ಹಾಕ್ಬೇಕು. ಪೆಟ್ಟಿಗೆ ಆನ್ ಆಗ್ತಾನೇ ಇಲ್ಲ ಅಂದ್ರೆ ಫ್ಲ್ಯಾಶ್ ಕಾರ್ಡ್ ಮತ್ತು ಕ್ರಿಪ್ಟೊ ಕಾರ್ಡ್ ಬಿಚ್ಚಿ ಇಟ್ಕೊಂಡು ಉಳಿದಿದ್ದು ಕಳಿಸಿ, ಇದಕ್ಕೆ ಕಂಪನಿ ಒಪ್ಪಬೇಕು ಅನ್ನೋ ಷರತ್ತನ್ನ ಖರೀದಿ ಮಾಡೋವಾಗಲೇ ಟೆಂಡರಲ್ಲಿ ಬರೆಸಿ, ಆಮೇಲೆ ಕೇಳಿದ್ರೆ ವಾರಂಟಿ ಹೋಗತ್ತೆ ಅಂತಾರೆ. ಆ ರೂಟರಿನ ಸರ್ಟಿಫಿಕೇಟನ್ನ ಅದೇ ದಿನ ರದ್ದು ಮಾಡಿ, ಪೆಟ್ಟಿಗೆ ಗೇಟ್ ದಾಟೋ ಮುಂಚೆ.